ಧಾರವಾಡಕ್ಕೆ ಸೊನ್ನೆ

ಅವತ್ತಿನ ರಾದ್ಧಾಂತ ಶುರುವಾದದ್ದು ಒಂದು, ಎರಡು, ಮೂರು ಎಂಬ ಅಂಕಿಗಳಿಂದ. ಒಂದನೇ ಇಯತ್ತೆಯ ಹುಡುಗರನ್ನೂ ಕಾಡದ ಈ ಅಂಕಿಗಳು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಶಿವಯೋಗೀಶನ ಜೀವ ಹಿಂಡಿದವು.

ಎರಡು ಸಾವಿರದ ಆರನೇ ಇಸವಿ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಖಾಸಗಿಯವರ ಮೆದುಳು ಸಂಶೋಧನಾ ಕೇಂದ್ರವೊಂದಿತ್ತು. ಅಲ್ಲಿ ವಯಸ್ಸಾದವರನ್ನು ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಮೆದುಳಿನ ಚಿತ್ರ ತೆಗೆಯುತ್ತಿದ್ದರು. ವಯಸ್ಸು ಏರಿದ ಹಾಗೆ ಮೆದುಳಿನಲ್ಲಿ ನೆನಪಿನ ಭಾಗ ಎಷ್ಟು ಸಣ್ಣದಾಗುತ್ತದೆ ಎಂದು ಕಂಡುಹಿಡಿಯಬೇಕಾಗಿತ್ತು. ಆದರೆ ವಯಸ್ಸೊಂದನ್ನೇ ನೋಡಿದರೆ ಲೆಕ್ಕ ಅಡ್ಡದಾರಿ ಹಿಡಿಯುತ್ತದೆ. ಗಂಡಸೋ ಹೆಂಗಸೋ, ಯಾವ ಊರಿನವರು, ಇವನ್ನೂ ಲೆಕ್ಕದೊಳಗೆ ಸೇರಿಸಬೇಕು. ವಯಸ್ಸು ಹೇಗೂ ಅಂಕಿ, ಕಂಪ್ಯೂಟರಿಗೆ ತಿಳಿಯುತ್ತದೆ. ಊರು ಹೇಗೆ ತಿಳಿಯಬೇಕು? ಶಿವಯೋಗೀಶ ಹುಬ್ಬಳ್ಳಿಗೆ ಒಂದು, ಧಾರವಾಡಕ್ಕೆ ಎರಡು, ರಾಯಾಪುರಕ್ಕೆ ಮೂರು ಎಂದು ತುಂಬಿ ಕೈ ತೊಳೆದುಕೊಂಡಿದ್ದ.

ಬೆಳಿಗ್ಗೆ ಅವನಿನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ, ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಪರಮೇಶ ಅವರು ಪ್ರಿಂಟಿನ ಕಾಗದ ಹಿಡಿದು ಬಂದರು.

"ಶಿವಯೋಗೀಶ, ಏನ್ರೀ ಇದು? ಊರು ಒಂದು ಹೆಜ್ಜಿ ಏರಿದ್ರ ನೆನಪಿನ ಭಾಗ ಇಷ್ಟು ಹೆಚ್ಚಾಗತೈತಿ ಅಂತ ಬಂದೈತಿ. ಊರಿಗೆ ಹೆಜ್ಜಿ ಎಲ್ಲಿಂದ ಬಂತು?"

"ಅದು ಸರ, ಊರಿಗೆ ನಂಬರ್ ಕೊಟ್ಟೇನ್ರಿ. ಹುಬ್ಬಳ್ಳಿ ಒಂದು, ಧಾರವಾಡ ಎರಡು, ರಾಯಾಪುರ ಮೂರು."

"ಅಂದ್ರ ಹುಬ್ಬಳ್ಳಿಗೆ ಧಾರವಾಡ ಕೂಡಿಸಿದ್ರ ರಾಯಾಪುರ ಬರತೈತೇನು?"

"ಬಸ್ಸಿನ್ಯಾಗ ಹೋದ್ರ ನಡುವ ಬರತೈತ್ರಿ ಸರ."

ಡಾಕ್ಟರು ನಗಲಿಲ್ಲ. "ಕಂಪ್ಯೂಟರ್ ಬಸ್ಸಿನ್ಯಾಗ ಅಡ್ಡಾಡಂಗಿಲ್ಲ. ಮೂರು ಅಂದ್ರ ಒಂದರ ಮೂರು ಪಟ್ಟು ಅಂತ ತಿಳಕೊಳ್ಳತೈತಿ. ಇವತ್ತ ನಾಕ ಗಂಟೆಕ್ಕ ಸ್ಕ್ಯಾನ್ ಮಾಡಿಸಿಕೊಂಡ ಹಿರೇರನ್ನೆಲ್ಲ ಚಾಕ್ಕ ಕರದೇನಿ. ಮೀಟಿಂಗ್ ಹಾಲಿನ್ಯಾಗ ಗ್ವಾಡಿ ಮ್ಯಾಲ ಎಲ್ಲಾ ತೋರಸಬೇಕು. ಅಷ್ಟರಾಗ ತಿದ್ದರಿ."

ತಪ್ಪು ತನ್ನದೇ ಎಂದು ಶಿವಯೋಗೀಶನಿಗೆ ಗೊತ್ತಾಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಯಾಕೆಂದರೆ ಆ ನಾಲ್ಕು ಗಂಟೆಯ ಚಹಾಕ್ಕೆ ಧಾರವಾಡದಿಂದ ಮಡಿವಾಳಪ್ಪನವರೂ ಬರುವವರಿದ್ದರು, ಜೊತೆಗೆ ಅವರ ಮಗಳು ಆರತಿ.

ಮಡಿವಾಳಪ್ಪನವರು ಹತ್ತಿ ವ್ಯಾಪಾರ ಮಾಡಿ ಈಗ ಮನೆಯಲ್ಲಿ ಕೂತ ಹಿರಿಯರು. ಆ ಕೊಳವೆಯೊಳಗೆ ಮಲಗಿ ಎದ್ದವರಲ್ಲಿ ಅವರೂ ಒಬ್ಬರು. ಆರತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹದಿನೈದು ದಿನದ ಹಿಂದೆ ಶಿವಯೋಗೀಶ ಅವರ ಮನೆಗೆ ಹೆಣ್ಣು ನೋಡಲು ಹೋಗಿದ್ದ. ಉಪ್ಪಿಟ್ಟಿನ ತಾಟು ಕೊಟ್ಟು ಆರತಿ, "ನಿಮ್ಮ ಕೆಲಸಾ ಖರೇ ಅಂದ್ರ ಏನ್ರಿ?" ಎಂದು ಕೇಳಿದಳು. ಇವನಿಗೆ ಕೇಳಿದ್ದಕ್ಕೆಲ್ಲ ಬೇರುಸಹಿತ ವಿವರಿಸುವ ಕೆಟ್ಟ ಚಟ. ಹೇಳುತ್ತಾ ಹೋದ. ಉಪ್ಪಿಟ್ಟು ತಣ್ಣಗಾಯಿತು. ಆರತಿ ಕೊನೆಯವರೆಗೆ ಕೇಳಿ, ನಡುವೆ ಒಂದೆರಡು ಕಡೆ ಬರೋಬ್ಬರಿ ಪ್ರಶ್ನೆಯನ್ನೂ ಹಾಕಿದಳು. ಹೆತ್ತ ತಾಯಿ ಕೂಡ ಅವನ ಕೆಲಸದ ವಿವರಣೆಯನ್ನು ಅರ್ಧಕ್ಕಿಂತ ಮುಂದೆ ಕೇಳಿರಲಿಲ್ಲ. ಮದುವೆಯಾದರೆ ಇವಳನ್ನೇ ಎಂದು ಅವನು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ತೀರ್ಮಾನಿಸಿಬಿಟ್ಟ. ಆದರೆ ಮಡಿವಾಳಪ್ಪನವರು ತೀರ್ಮಾನಿಸಬೇಕಲ್ಲ. "ಮೀಟಿಂಗಿಗೆ ಬರ್ತೇನಿ, ಅವತ್ತ ನನ್ನ ಮಾತು ಹೇಳಿ ಹೋಗ್ತೇನಿ" ಎಂದಿದ್ದರು. ಆ ಅವತ್ತು ಎಂಬುದು ಇವತ್ತು.

ಶಿವಯೋಗೀಶ ತಿದ್ದಲು ಕೂತ. ದಾರಿ ಸುಲಭದ್ದೇ. ಒಂದು ಊರನ್ನು ಸೊನ್ನೆ ಎಂದು ಹಿಡಿಯಬೇಕು, ಉಳಿದ ಊರುಗಳು ಅದಕ್ಕಿಂತ ಎಷ್ಟು ಹೆಚ್ಚು ಅಥವಾ ಎಷ್ಟು ಕಡಿಮೆ ಎಂದು ನೋಡಬೇಕು. ಯಾವ ಊರು ಸೊನ್ನೆ ಎಂದು ಇವನು ಹೇಳಲಿಲ್ಲ, ಹಾಗಾಗಿ ಕಂಪ್ಯೂಟರು ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮೊದಲು ಬಂದ ಧಾರವಾಡವನ್ನು ತಾನೇ ಎತ್ತಿಕೊಂಡಿತು. ಉತ್ತರ ಬಂತು. ಧಾರವಾಡ ಸೊನ್ನೆ, ಹುಬ್ಬಳ್ಳಿ ಅದಕ್ಕಿಂತ ಒಂಚೂರು ಹೆಚ್ಚು, ರಾಯಾಪುರ ಇನ್ನೊಂಚೂರು ಹೆಚ್ಚು. ವ್ಯತ್ಯಾಸ ಎಷ್ಟು ಸಣ್ಣದೆಂದರೆ ಅದಕ್ಕೆ ಯಾವ ಅರ್ಥವೂ ಇರಲಿಲ್ಲ. ಊರು ಯಾವುದಾದರೂ ಮೆದುಳು ಒಂದೇ ಎಂದು ಧೈರ್ಯವಾಗಿ ಹೇಳಬಹುದಿತ್ತು.

ಅಷ್ಟರಲ್ಲಿ ಸಾವಂತ್ರೆವ್ವ ಚಹಾ ತಂದರು. ಬಂದವರ ಹೆಸರು ಬರೆದುಕೊಂಡು ಕೂಡಿಸುವ ಕೆಲಸ ಅವರದು. ದಿನಾ ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಡಿವಾಳಪ್ಪನವರ ಓಣಿಯವರೇ, ಈ ಸಂಬಂಧ ಹಚ್ಚಿದವರೂ ಅವರೇ.

"ಇದೇನ್ರೀ ಸರ, ಧಾರವಾಡದ ಮುಂದ ಸೊನ್ನಿ?"

ಒಂದು ಕ್ಷಣ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪ್ರಶ್ನೆ ಬಂತಲ್ಲ!

"ಧಾರವಾಡನ್ನ ಸೊನ್ನಿ ಅಂತ ಹಿಡದೇನ್ರಿ. ಅದಕ್ಕಿಂತ ಹುಬ್ಬಳ್ಳಿಯವ್ರದು ಇಷ್ಟು ಹೆಚ್ಚು, ರಾಯಾಪುರದವ್ರದು ಇಷ್ಟು ಹೆಚ್ಚು."

"ಏನು ಹೆಚ್ಚು? ಮೆದುಳಾ?"

"ಹೂಂ ರೀ, ಮೆದುಳಿನ ಅಳತಿ. ಆದ್ರ ಅದು ಹೆಂಗಂದ್ರ..."

ಸಾವಂತ್ರೆವ್ವ ಹೆಂಗಂದ್ರ ಎಂಬುದಕ್ಕೆ ಕಾಯಲಿಲ್ಲ. ಚಹಾದ ಕಪ್ಪನ್ನು ಅಲ್ಲೇ ಇಟ್ಟು, ಸೀರೆ ಸೆರಗು ಸಿಕ್ಕಿಸಿಕೊಂಡು, ಸೀದಾ ಟೆಲಿಫೋನಿನ ಹತ್ತಿರ ಹೋದರು. ಹೊಟ್ಟೆಯಲ್ಲಿ ಕೆಟ್ಟದ್ದೇನೂ ಇಲ್ಲದ ಹೆಂಗಸು, ಆದರೆ ಮಾತು ಮಾತ್ರ ಅವರ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ.

ಅರ್ಧ ತಾಸಿನೊಳಗೆ ಶಿವಯೋಗೀಶನ ಮೊಬೈಲು ಹೊಡೆದುಕೊಂಡಿತು.

"ನಾನು ಮಡಿವಾಳಪ್ಪ. ಏನ್ರೀ, ಆ ಕೊಳವ್ಯಾಗ ಅಲುಗಾಡದಂಗ ಮಲಗಿದ್ದೆ. ಡಮ ಡಮ ಅಂತ ಕಿವಿ ಹರದು ಹೋಗೂ ಸಪ್ಪಳ. ಶಿವಾ ಶಿವಾ ಅನಕೋತ ಜೀವಾ ಹಿಡದೆ. ಅಷ್ಟೆಲ್ಲಾ ಆದ ಮ್ಯಾಲ ನೀವು ನನ್ನ ತಲಿಗೆ ಸೊನ್ನಿ ಸುತ್ತೀರೇನು?"

"ಕಾಕಾರ, ಸೊನ್ನಿ ನಿಮಗಲ್ರೀ. ಊರಿಗೆ."

"ಇಡೀ ಊರಿಗೇ ಸೊನ್ನಿ? ಭಾಳ ಛಲೋ ಆತು! ಎಂಥೆಂಥಾ ಪಂಡಿತರು, ಗಾಯಕರು, ಮಾಸ್ತರು ಹುಟ್ಟಿದ ಊರು. ಸಂಜೀಕ ಬರ್ತೇನಿ, ಮಾತಾಡೋಣಂತ."

ಫೋನು ಕಟ್ಟಾಯಿತು. ಶಿವಯೋಗೀಶನ ಕಣ್ಣ ಮುಂದೆ ಆರತಿಯ ಮುಖ ಬಂದು, ಹಾಗೇ ಧಾರವಾಡದ ಬಸ್ಸು ಹತ್ತಿ ಹೋಯಿತು. ಅಯ್ಯೋ, ಇದೇನಾಗಿಹೋಯಿತು ಎಂದು ತಲೆ ಹಿಡಿದುಕೊಂಡ. ಆಮೇಲೆ ಧೈರ್ಯ ತಂದುಕೊಂಡ. ಇದರಲ್ಲೇನಿದೆ, ಯಾವ ಊರನ್ನು ಸೊನ್ನೆ ಮಾಡಿದರೂ ಸತ್ಯ ಬದಲಾಗುವುದಿಲ್ಲ. ಸೊನ್ನೆಯನ್ನು ಹುಬ್ಬಳ್ಳಿಗೆ ಕೊಟ್ಟರಾಯಿತು, ತನ್ನದೇ ಊರು, ಕೇಳುವವರಾರು?

ಕೊಟ್ಟ. ರಾಯಾಪುರ ಪ್ಲಸ್ಸಿನಲ್ಲೇ ಉಳಿಯಿತು. ಧಾರವಾಡ ಮಾತ್ರ ಹುಬ್ಬಳ್ಳಿಗಿಂತ ಒಂಚೂರು ಕಡಿಮೆ ಇತ್ತಲ್ಲ, ಈಗ ಅದರ ಮುಂದೆ ಒಂದು ಸಣ್ಣ ಅಡ್ಡಗೆರೆ ಬಂದು ಕೂತಿತು.

ಖಾಲಿ ಕಪ್ಪು ಒಯ್ಯಲು ಬಂದ ಸಾವಂತ್ರೆವ್ವ ಪರದೆಗೆ ಮೂಗು ತಾಗುವ ಹಾಗೆ ಬಗ್ಗಿ ನೋಡಿದರು. "ಸೊನ್ನಿ ಹೋತಲ್ರೀ. ಛಲೋ ಆತು. ಈಗ ಇದೇನಿದು ಗೀಟು?"

"ಮೈನಸ್ ರೀ."

"ಅಂದ್ರ ಸೊನ್ನಿಗಿಂತ ಮ್ಯಾಲೋ ಕೆಳಗೋ?"

ಸುಳ್ಳು ಹೇಳಲು ಶಿವಯೋಗೀಶನಿಗೆ ಬರುತ್ತಿರಲಿಲ್ಲ. "ಕೆಳಗ ರೀ."

"ಅಯ್ಯ ಶಿವನ! ಸೊನ್ನಿಗಿಂತ ಕೆಳಗ ಇನ್ನೂ ಜಾಗಾ ಐತೇನ್ರೀ? ನಾನು ಏನು ಮುಖಾ ಹೊತ್ಕೊಂಡು ನಮ್ಮ ಓಣ್ಯಾಗ ಅಡ್ಡಾಡ್ಲಿ?" ಎಂದವರೇ ಮತ್ತೆ ಟೆಲಿಫೋನಿನ ದಿಕ್ಕಿಗೆ ನಡೆದರು.

ಹಿಂದೆಯೇ ಡಾಕ್ಟರು ಬಂದರು. "ಹುಬ್ಬಳ್ಳಿನ್ನ ಸೊನ್ನಿ ಮಾಡೀರಂತ?"

"ಯಾವುದರ ಒಂದನ್ನ ಮಾಡಬೇಕಲ್ರೀ ಸರ."

"ನನಗ ತಿಳೀತೈತ್ರೀ. ಮುಂದ ಕುಂತವ್ರಿಗೆ ತಿಳೀಬೇಕಲ್ಲ. ಈ ಕಟ್ಟಡಾ ಎದ್ದು ನಿಂತಿದ್ದ ಹುಬ್ಬಳ್ಳಿ ಮಂದಿ ಕೈಯಿಂದ. ಅವರನ್ನ ಕರಸಿ, ಚಾ ಕೊಟ್ಟು, ನಿಮ್ಮೂರು ಸೊನ್ನಿ ಅಂತ ಗ್ವಾಡಿ ಮ್ಯಾಲ ಬರೀಲೇನು? ಬ್ಯಾರೆ ಏನರ ಮಾಡ್ರಿ."

ಬೇರೆ ಎಂದರೆ ಉಳಿದದ್ದು ರಾಯಾಪುರ. ಎರಡೂ ಊರಿನ ನಡುವೆ ಸಜ್ಜನರ ಹಾಗೆ ತನ್ನ ಪಾಡಿಗೆ ತಾನಿರುವ ಜಾಗ, ಜಗಳದ ಮಾತೇ ಇಲ್ಲ ಎಂದುಕೊಂಡು ಶಿವಯೋಗೀಶ ಸೊನ್ನೆಯನ್ನು ಅಲ್ಲಿಗೆ ಸಾಗಿಸಿದ. ಈಗ ಹುಬ್ಬಳ್ಳಿಗೂ ಮೈನಸ್ಸು, ಧಾರವಾಡಕ್ಕೂ ಮೈನಸ್ಸು. ಒಬ್ಬರಿಗಾದದ್ದು ಇಬ್ಬರಿಗೂ ಆದರೆ ದುಃಖ ಹಂಚಿ ಹೋಗುತ್ತದೆ ಎಂದು ಅವನ ಲೆಕ್ಕ.

ಊಟ ಮುಗಿಸಿ ಬರುವಷ್ಟರಲ್ಲಿ ಬಾಗಿಲಲ್ಲಿ ಗುಲಾಬಸಾಬ ನಿಂತಿದ್ದ. ಹಿರಿಯರನ್ನು ಮನೆಯಿಂದ ಕರೆತಂದು ಬಿಟ್ಟು ಬರುವ ಕೇಂದ್ರದ ವ್ಯಾನಿನ ಡ್ರೈವರು, ಹುಟ್ಟಾ ರಾಯಾಪುರದವನು. ವ್ಯಾನಿನ ಕೀಲಿಕೈಯನ್ನು ಬೆರಳಲ್ಲಿ ಗಿರಗಿರ ತಿರುಗಿಸುತ್ತಿದ್ದ.

"ಸರ, ಒಂದ ಮಾತು ಕೇಳ್ಲೇನ್ರಿ? ನಮ್ಮೂರನ್ನ ಎಲ್ಲಾರೂ ದಾಟಿ ಹೋಗ್ತಾರ. ಹುಬ್ಬಳ್ಳಿಯವ್ರೂ ದಾಟಿ ಹೋಗ್ತಾರ, ಧಾರವಾಡದವ್ರೂ ದಾಟಿ ಹೋಗ್ತಾರ. ಕೈ ಮಾಡಿದ್ರ ಬಸ್ ಸೈತ ನಿಲ್ಲಂಗಿಲ್ಲ. ಇಷ್ಟು ದಿನದ ಮ್ಯಾಲ ನಮ್ಮ ಪಾಲಿಗೆ ಬಂದಿದ್ದು ಸೊನ್ನಿ ಏನ್ರೀ?"

"ಗುಲಾಬಸಾಬ್ರ, ಹಂಗಲ್ಲ. ನಿಮ್ಮೂರಿನ ಅಂಕಿ ಎಲ್ಲಾರಕ್ಕಿಂತ ಹೆಚ್ಚೈತಿ. ಅದಕ್ಕ ಉಳದವ್ರಿಗೆ ಮೈನಸ್ ಬಂದೈತಿ."

"ಹೆಚ್ಚಿದ್ದವ್ರಿಗೆ ಸೊನ್ನಿ ಕೊಡ್ತಾರೇನ್ರೀ ಯಾರರ? ನಮ್ಮ ಹುಡುಗ ಸಾಲ್ಯಾಗ ಸೊನ್ನಿ ತಗೊಂಡು ಬಂದ್ರ ನಾನು ಪೇಢೆ ಹಂಚ್ಲೇನು?" ಗುಲಾಬಸಾಬ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡ. "ರಾಯಾಪುರದ ಹಿರೇರನ್ನ ಕರಕೊಂಡು ಬರ್ತೇನ್ರಿ, ನನ್ನ ಡ್ಯೂಟಿ. ಆದ್ರ ಬರಬರತಾ ದಾರ್ಯಾಗ ಎಲ್ಲಾ ಹೇಳೇ ಕರಕೊಂಡು ಬರ್ತೇನಿ."

ಹೇಳಿದ ಹಾಗೇ ಮಾಡಿದ. ನಾಲ್ಕಕ್ಕೆ ಸಭಾಂಗಣ ತುಂಬಿದಾಗ ಎಡಕ್ಕೆ ಧಾರವಾಡದವರು, ಬಲಕ್ಕೆ ಹುಬ್ಬಳ್ಳಿಯವರು, ನಡುವೆ ರಾಯಾಪುರದವರು ಕೂತಿದ್ದರು. ಮೂರು ಕಡೆಯೂ ಮುಖ ಗಂಟಿಕ್ಕಿತ್ತು. ಮುಂದಿನ ಸಾಲಿನಲ್ಲಿ ಬಿಳಿ ಧೋತರ, ಕರಿ ಟೊಪ್ಪಿಗೆಯ ಮಡಿವಾಳಪ್ಪನವರು ಊರುಗೋಲಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದರು. ಪಕ್ಕದಲ್ಲಿ ಆರತಿ. ಅವಳೊಬ್ಬಳೇ ಗೋಡೆಯ ಮೇಲಿನ ಅಂಕಿಗಳನ್ನು ಸಿಟ್ಟಿಲ್ಲದೆ, ಆಸಕ್ತಿಯಿಂದ ಓದುತ್ತಿದ್ದಳು.

ಡಾಕ್ಟರು ಎರಡು ಮಾತಾಡಿ, "ಉಳದದ್ದನ್ನ ನಮ್ಮ ಶಿವಯೋಗೀಶ ಅವರು ಹೇಳ್ತಾರ" ಎಂದು ಜಾಣತನದಿಂದ ಮೂಲೆಗೆ ಸರಿದರು.

ಶಿವಯೋಗೀಶ ಬಾಯಿ ತೆರೆಯುವ ಮೊದಲೇ ಮೂರು ಊರುಗಳು ಬಾಯಿ ತೆರೆದವು. ಸೊನ್ನಿ ತಗೀರಿ ಎಂದರು ನಡುವಿನವರು. ಮೈನಸ್ ತಗೀರಿ ಎಂದರು ಎರಡೂ ಬದಿಯವರು. ಅವನು ಬೆವರು ಒರೆಸಿಕೊಂಡು ಹೊಸ ಉಪಾಯ ತೆಗೆದ.

"ಹಿರೇರ, ಯಾವ ಊರಿಗೂ ಸೊನ್ನಿ ಬ್ಯಾಡ್ರಿ. ಸರಾಸರಿನ್ನ ಸೊನ್ನಿ ಅಂತ ಹಿಡಿಯೋಣು. ಎಲ್ಲಾ ಊರನ್ನೂ ಅದರ ಜೋಡಿ ಹೋಲಸೋಣು."

ಹುಬ್ಬಳ್ಳಿ ಕಡೆಯಿಂದ ಬೀರಲಿಂಗಪ್ಪ ಎಂಬ ಅಜ್ಜ ಕಿವಿಗೆ ಕೈ ಹಚ್ಚಿ ಕೇಳಿದ. "ಸರಾಸರಿ ಅಂದ್ರ ಯಾವ ಊರಾಂವ್ರಿ?"

"ಯಾವ ಊರಾಂವನೂ ಅಲ್ರಿ ಅಜ್ಜಾರ."

"ಮತ್ತ ನಮ್ಮ ನಡುವ ಯಾಕ ಬಂದ? ಅವನು ಆ ಕೊಳವ್ಯಾಗ ಮಲಗಿದ್ನೇನು?"

ಜನ ಹೋ ಎಂದು ನಕ್ಕರು, ಆದರೆ ನಗುವಿನಲ್ಲಿ ಸಿಟ್ಟೂ ಇತ್ತು. ಆಗ ಆರತಿ ಎದ್ದು ನಿಂತಳು. ಕ್ಲಾಸಿನಲ್ಲಿ ನಿಂತು ಅಭ್ಯಾಸವಾದ ದನಿ, ಹಿಂದಿನ ಸಾಲಿಗೂ ಕೇಳಿಸಿತು.

"ನನ್ನದೊಂದು ಪ್ರಶ್ನೆ ಐತ್ರಿ. ಈ ಸೊನ್ನಿ ಅಂದ್ರ ಏನೂ ಇಲ್ಲ ಅಂತಲೋ? ಇಲ್ಲಿಂದ ಎಣಸ್ರಿ ಅಂತಲೋ?"

ಶಿವಯೋಗೀಶನ ಜೀವ ಒಮ್ಮೆಲೇ ಹಗುರಾಯಿತು. ಬೆಳಗಿನಿಂದ ಇಷ್ಟು ಜನ ಬೈದರು, ಒಬ್ಬರೂ ಇದನ್ನು ಕೇಳಿರಲಿಲ್ಲ. "ಇಲ್ಲಿಂದ ಎಣಸ್ರಿ ಅಂತ್ರೀ!" ಎಂದ. ಮಾತು ಮುಂದುವರಿಯಲು ದಾರಿ ಹುಡುಕುತ್ತ ಮಡಿವಾಳಪ್ಪನವರ ಕೈ ನೋಡಿದ. ಹತ್ತಿ ಹಿಡಿದು ಹಿಡಿದು ಸಪಾಟಾದ ಬೆರಳುಗಳು.

"ಕಾಕಾರ, ನೀವು ಅಂಗಡ್ಯಾಗ ಹತ್ತಿ ಹೆಂಗ ನೋಡ್ತಿದ್ರಿ?"

ಮಡಿವಾಳಪ್ಪನವರಿಗೆ ಸಿಟ್ಟಿತ್ತು, ಆದರೆ ಹತ್ತಿಯ ಮಾತು ಬಂದರೆ ಸುಮ್ಮನಿರುವ ಜೀವ ಅಲ್ಲ. "ಹೆಂಗಂದ್ರ? ಎಡಗೈಯಾಗ ನನಗ ಪೂರಾ ಗೊತ್ತಿದ್ದ ಒಂದು ಹಿಡಿ ಹತ್ತಿ. ಬಲಗೈಯಾಗ ಹೊಸದಾಗಿ ಬಂದ ಹತ್ತಿ. ಎಳಿ ಜಗ್ಗಬೇಕು, ಉದ್ದ ನೋಡಬೇಕು, ಬಣ್ಣಾ ನೋಡಬೇಕು."

"ಬಂದ ಹತ್ತಿ ಛಲೋ ಐತೋ ಇಲ್ಲೋ ಅಂತ ಯಾವುದರ ಮ್ಯಾಲ ಹೇಳ್ತಿದ್ರಿ?"

"ಎಡಗೈ ಹತ್ತಿ ಮ್ಯಾಲ. ಅದಿಲ್ಲಂದ್ರ ಹೆಂಗ ಹೇಳೂದು?"

"ಆ ಎಡಗೈ ಹತ್ತಿನ ಸೊನ್ನಿರೀ ಕಾಕಾರ. ಅದು ಕಡಿಮಿ ಅಂತಲ್ಲ. ಉಳದದ್ದೆಲ್ಲಾ ಅದರ ಮುಂದ ನಿಂತು ತನ್ನ ಅಳತಿ ಕೊಡಬೇಕು."

ಮಡಿವಾಳಪ್ಪನವರು ತಮ್ಮ ಎಡ ಅಂಗೈ ಬಿಚ್ಚಿ ನೋಡಿಕೊಂಡರು. ಬಲಗೈ ನೋಡಿಕೊಂಡರು. ಮತ್ತೆ ಎಡಗೈ ನೋಡಿಕೊಂಡರು. ಮುಖದ ಗಂಟು ಒಂದೊಂದೇ ಬಿಚ್ಚಿತು.

"ಹೌದಲ್ಲೋ ತಮ್ಮಾ!" ಎಂದು ಊರುಗೋಲು ಕುಟ್ಟಿ ಎದ್ದೇ ನಿಂತರು. "ಏ ಕೇಳ್ರಪಾ, ಸೊನ್ನಿ ಅಂದ್ರ ಮಾದರಿ! ಉಳದವ್ರೆಲ್ಲಾ ಸೊನ್ನಿ ಮನಿ ಬಾಗಲಿಗೆ ಬರಬೇಕು. ಸೊನ್ನಿ ಯಾರ ಮನಿಗೂ ಹೋಗಂಗಿಲ್ಲ. ಅಂಥಾದ್ದನ್ನ ಬೆಳಿಗ್ಗೆ ಧಾರವಾಡಕ್ಕ ಕೊಟ್ರ ನಾವ ಬ್ಯಾಡಂದೇವಿ!"

"ಖರೇ ರೀ, ಮದಲ ನಮಗ ಕೊಟ್ಟಿದ್ರು, ನಾನ ಕಣ್ಣಾರೆ ನೋಡೇನಿ" ಎಂದು ಸಾವಂತ್ರೆವ್ವ ಸಾಕ್ಷಿ ನುಡಿದರು.

"ಕೊಟ್ಟಿದ್ದು ಬ್ಯಾಡಂದ ಮ್ಯಾಲ ಮುಗೀತು" ಎಂದು ಬಾಗಿಲಿನಿಂದ ಗುಲಾಬಸಾಬ ಕೂಗಿದ. "ಈಗ ಗ್ವಾಡಿ ಮ್ಯಾಲ ಸೊನ್ನಿ ಯಾರ ಮುಂದೈತಿ ನೋಡ್ಕೊಳ್ರಿ. ರಾಯಾಪುರದ್ದು. ನಾವು ಬಿಡಂಗಿಲ್ಲ."

ಮೂಲೆಯಲ್ಲಿದ್ದ ಡಾಕ್ಟರು ಲಗುಬಗೆಯಿಂದ ಮುಂದೆ ಬಂದರು. "ನೋಡ್ರಿ, ಕೇಂದ್ರ ಇರೋದು ಹುಬ್ಬಳ್ಳ್ಯಾಗ. ಮಾದರಿ ಅಂದ ಮ್ಯಾಲ ಅದು ಹುಬ್ಬಳ್ಳೀನ ಆಗಬೇಕಲ್ಲ? ಏನಂತೀರಿ ಬೀರಲಿಂಗಪ್ಪಾರ?"

ಬೆಳಗಿನಿಂದ ಯಾರಿಗೂ ಬೇಡವಾಗಿದ್ದ ಸೊನ್ನೆಗಾಗಿ ಈಗ ಮೂರೂ ಊರು ಎದ್ದು ನಿಂತು ಕೈ ಬೀಸತೊಡಗಿದವು. ಆ ಗದ್ದಲದಲ್ಲಿ ಮಡಿವಾಳಪ್ಪನವರು ಶಿವಯೋಗೀಶನ ತೋಳು ಹಿಡಿದು ಹೊರಗಿನ ಪಡಸಾಲೆಗೆ ಕರೆತಂದರು. ಹಿಂದೆ ಆರತಿ ಬಂದಳು.

"ತಮ್ಮಾ, ನನ್ನ ಕಣ್ಣು ತೆರಸಿದಿ ನೋಡು."

ನೀವು ಹೋಗಿ ನೀನು ಬಂದಿತ್ತು. ಇಷ್ಟು ಸಲಿಗೆಯಿಂದ ಮಾತಾಡುವುದು ಅಳಿಯನಾಗುವವನ ಜೊತೆಗಲ್ಲದೆ ಇನ್ಯಾರ ಜೊತೆ? ಶಿವಯೋಗೀಶ ಸಂತೋಷ ತಡೆಯಲಾರದೆ ಆರತಿಯ ಕಡೆ ನೋಡಿದ. ಅವಳೂ ಸಣ್ಣಗೆ ನಕ್ಕಳು.

"ಎರಡು ವರ್ಷಾತು, ಈಕಿಗೆ ವರಾ ನೋಡಾಕತ್ತೇನಿ," ಮಡಿವಾಳಪ್ಪನವರು ಹೇಳಿದರು. "ಬಂದಾವನ್ನ ಛಲೋ ಅನ್ನಾಕ ಬರವಲ್ದು, ಬ್ಯಾಡ ಅನ್ನಾಕ ಬರವಲ್ದು. ಹಿಂಗ್ಯಾಕ ಆಗಾಕತ್ತೈತಿ ಅಂತ ನನಗ ತಿಳಿದಿದ್ದಿಲ್ಲ. ನಾನು ಬರೇ ಬಲಗೈಯಾಗ ಹಿಡದು ನೋಡಾಕತ್ತಿದ್ದೆ. ಎಡಗೈ ಖಾಲಿ ಇತ್ತು!"

"ಹೌದ್ರಿ."

"ಈಗ ತುಂಬೇತಿ. ಓದೀದಿ, ಸುಳ್ಳು ಹೇಳಂಗಿಲ್ಲ, ಹಿರೇರಿಗೆ ಮರ್ಯಾದಿ ಕೊಡ್ತಿ. ನೀನ ನನ್ನ ಎಡಗೈ ಹತ್ತಿ."

ಶಿವಯೋಗೀಶ ಗಕ್ಕನೆ ಬಗ್ಗಿ ಅವರ ಕಾಲು ಮುಟ್ಟಿದ. ಮಡಿವಾಳಪ್ಪನವರು ಬೆನ್ನು ತಟ್ಟಿ ಎಬ್ಬಿಸಿದರು.

"ನಾಳೆ ನಮ್ಮ ಧಾರವಾಡದ ಹತ್ತಿರದ ಬೇಲೂರ ಇಂಡಸ್ಟ್ರಿಯಲ್ ಏರಿಯಾದಾಗ ಇಂಜಿನಿಯರ್ ಇದ್ದ ಹುಡುಗನ ಕಡೆಯವ್ರು ಬರ್ತಾರ. ನಾಡದು ಗದಗದವ್ರು. ಇನ್ನ ಚಿಂತಿಲ್ಲ. ಒಬ್ಬೊಬ್ಬರನ್ನ ನಿನ್ನ ಜೋಡಿ ಹಚ್ಚಿ ನೋಡ್ತೇನಿ. ನಿನಗಿಂತ ಪ್ಲಸ್ ಬಂದವ್ಗ ಕಣ್ಣು ಮುಚ್ಚಿ ಹೂಂ ಅಂದಬಿಡ್ತೇನಿ."

ಶಿವಯೋಗೀಶನಿಗೆ ನಿಂತ ನೆಲ ಜಾರಿದ ಹಾಗಾಯಿತು. ಆದರೂ ಆಸೆ ಬಿಡಲಿಲ್ಲ.

"ಕಾಕಾರ, ಬಂದವರೆಲ್ಲಾ ನನಗಿಂತ ಮೈನಸ್ ಬಂದ್ರ ಏನ್ಮಾಡ್ತೀರಿ?"

"ಮತ್ತ ಬ್ಯಾರೆ ನೋಡೂದು."

"ಅಲ್ರೀ, ಅವಾಗ ನಾನ ಛಲೋ ಅಂದಂಗಾತಲ್ರೀ. ನನಗ ಕೊಟ್ಟರ..."

ಮಡಿವಾಳಪ್ಪನವರು ಅವನನ್ನು ಕನಿಕರದಿಂದ ನೋಡಿದರು. "ಏನು ಮಾತಾಡ್ತಿ ತಮ್ಮಾ? ಎಡಗೈ ಹತ್ತೀನ ಯಾರರ ಮಾರ್ತಾರೇನು? ಅದನ್ನ ಕೊಟ್ಟ ಕುಂತ್ರ ಉಳದದ್ದನ್ನ ಹೋಲಸೂದು ಯಾವುದರ ಜೋಡಿ? ನೀನ ಅಲ್ಲೇನು ಈಗ ಹೇಳಿದಾಂವ?"

ಒಳಗಿನಿಂದ, ಸೊನ್ನೆ ಯಾರದೆಂದು ಬಂದು ಹೇಳಿ ಎಂದು ಡಾಕ್ಟರು ಶಿವಯೋಗೀಶನನ್ನು ಕೂಗುತ್ತಿದ್ದರು. ಮಡಿವಾಳಪ್ಪನವರು ಊರುಗೋಲು ಊರುತ್ತ ಮೆಟ್ಟಿಲಿಳಿದರು. ಆರತಿ ಅವರ ಹಿಂದೆ ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವೂ ಇತ್ತು.

"ಅಷ್ಟು ಛಲೋ ತಿಳಿಸಿ ಹೇಳಬಾರದಿತ್ತು ನೋಡ್ರಿ ನೀವು" ಎಂದಳು.